ಕಣ್ಣಿಗೆ ಕಾಣದ ಪೇಟೆ

ಯಾದಗಿರಿ, ಶಹಾಪುರ, ಸುರಪುರಗಳ ರೈತರು ತೊಗರಿ, ಶೇಂಗಾಗಳನ್ನು ಅಡತಿ ಅಂಗಡಿಗೆ ಒಯ್ಯುವುದು ಹಳೆಯ ರೂಢಿ. ಅಲ್ಲಿ ನೆರೆದ ಕೆಲವೇ ವ್ಯಾಪಾರಿಗಳು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ ಧಾರಣೆ ಕಟ್ಟುತ್ತಿದ್ದರು. 2014ರಲ್ಲಿ ಕರ್ನಾಟಕ ಸರ್ಕಾರವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರಗಳ ಜಾಲಕ್ಕೆ ಜೋಡಿಸತೊಡಗಿತು. ಯಾದಗಿರಿಯ ಮಾರುಕಟ್ಟೆಯೂ ಅದರೊಳಗೆ ಸೇರಿತು.

ಹೀಗೆ ಜಾಲದ ಮೂಲಕ ನಡೆಯುವ ಕೊಡುಕೊಳ್ಳುವಿಕೆಗೆ ವಿದ್ಯುನ್ಮಾನ ವಾಣಿಜ್ಯವೆಂದು ಹೆಸರು. ಪ್ರತಿಯೊಂದು ರಾಶಿಗೂ ಒಂದು ಸಂಖ್ಯೆ ದೊರೆಯುತ್ತದೆ. ವ್ಯಾಪಾರಿಯು ತನ್ನ ಬೆಲೆಯನ್ನು ಯಂತ್ರದಲ್ಲಿ ನಮೂದಿಸುತ್ತಾನೆ. ಇತರರ ಬೆಲೆ ಅವನಿಗೆ ಕಾಣದು. ದೂರದ ಊರಿನವನೂ ಕೊಳ್ಳಬಹುದು. ಆದರೆ ಕಾಳನ್ನು ಕಣ್ಣಾರೆ ಕಾಣದವನು ಯಾವ ಧೈರ್ಯದಿಂದ ಬೆಲೆ ಕಟ್ಟಿಯಾನು? ತೇವಾಂಶ, ಕಸಕಡ್ಡಿಗಳನ್ನು ಪರೀಕ್ಷಿಸಿ ಬರೆದ ಗುಣಮಟ್ಟದ ವಿವರವೇ ಅವನಿಗೆ ಆಧಾರ. ಅದು ತಪ್ಪಾದರೆ ಯಂತ್ರವಿದ್ದೂ ವ್ಯರ್ಥ. ಬಂದ ಬೆಲೆಗಳಲ್ಲಿ ಹೆಚ್ಚಿನದೂ ಮನಸ್ಸಿಗೆ ಒಪ್ಪದಿದ್ದರೆ ಮಾರಾಟವನ್ನು ನಿರಾಕರಿಸುವ ಹಕ್ಕು ರೈತನದೇ.