ಹಿಂದಿನ ಗಾಲಿಗಳ ಪಂಚಾಯ್ತಿ

ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ಹಿಂಭಾಗದಲ್ಲಿ ಒಂಟಿ ಸೀಟಿನ, ಪೈಪಿನ ಪಂಜರದ, ದಪ್ಪ ಟೈರಿನ ಗಾಡಿ ನಿಂತಿದ್ದರೆ ಅದು ಬಾಹಾ ತಂಡದ್ದೆಂದು ತಿಳಿಯಿರಿ. ವಿದ್ಯಾರ್ಥಿಗಳೇ ಎಟಿವಿ (ಎಂಥ ನೆಲದಲ್ಲೂ ಓಡುವ ಗಾಡಿ) ಕಟ್ಟಿ ಓಡಿಸುವ ಈ ಸ್ಪರ್ಧೆ 1976ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಶುರುವಾಗಿ, 2007ರಲ್ಲಿ ಇಂದೋರ್ ಹತ್ತಿರದ ಪೀಥಂಪುರಕ್ಕೆ ಬಂತು. ನಮ್ಮ ಕಾಲದಲ್ಲಿ ಎಲ್ಲರಿಗೂ ಒಂದೇ ಎಂಜಿನ್: ಬ್ರಿಗ್ಸ್ ಆಂಡ್ ಸ್ಟ್ರಾಟನ್, 305 ಸಿಸಿ, 10 ಅಶ್ವಶಕ್ತಿ. ಎಂಜಿನ್ ಒಂದೇ ಆದ ಮೇಲೆ ಪೈಪೋಟಿಯೆಲ್ಲ ತೂಕ, ಗೇರು, ಸಸ್ಪೆನ್ಷನ್ನುಗಳಲ್ಲಿ. ಹುಬ್ಬಳ್ಳಿ ಕಡೆಯ ನಮ್ಮ ತಂಡದಲ್ಲಿ ಹಿಂದಿನ ಸಸ್ಪೆನ್ಷನ್ ನನ್ನ ಕೊರಳಿಗೆ ಬಿತ್ತು.

ಸೀನಿಯರ್‌ಗಳು ಬಿಟ್ಟುಹೋದ ಗಾಡಿಗೆ ಸೆಮಿ ಟ್ರೇಲಿಂಗ್ ಆರ್ಮ್ ಇತ್ತು: ಚಾಸಿಗೆ ಓರೆಯಾಗಿ ಕೀಲು ಹಾಕಿದ ಒಂದೇ ಉದ್ದ ತೋಳು, ಅದರ ತುದಿಗೆ ಗಾಲಿ. ನಾವು ಹೊಸದಕ್ಕೆ ಎಚ್-ಆರ್ಮ್ ಆರಿಸಿಕೊಂಡೆವು: ಕೆಳಗೆ ಅಡ್ಡಲಾಗಿ ಅಗಲದ ತೋಳು, ಮೇಲೆ ಗಾಲಿ ವಾಲದಂತೆ ಹಿಡಿಯುವ ಒಂದು ಸಣ್ಣ ಕ್ಯಾಂಬರ್ ಲಿಂಕ್. ಎರಡರಲ್ಲೂ ಎಡ ಬಲದ ಗಾಲಿಗಳು ತಮ್ಮ ಪಾಡಿಗೆ ತಾವು ಏರಿಳಿಯುತ್ತವೆ. ಎರಡೂ ಗಾಡಿ ಕೈಯಲ್ಲಿದ್ದುದರಿಂದ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. ಮೈದಾನಕ್ಕೇನೂ ಕೊರತೆಯಿರಲಿಲ್ಲ, ಬೇಸಿಗೆಯಲ್ಲಿ ನೇಗಿಲು ಹೊಡೆದ ಎರೆಹೊಲದ ಹೆಂಟೆಗಳಷ್ಟು ನಿರ್ದಯವಾದ ಟೆಸ್ಟ್ ಟ್ರ್ಯಾಕ್ ಬೇರೆ ಬೇಕೆ?

ಹಳೆಯ ಗಾಡಿಯ ಏರ್ ಶಾಕ್‌ಗಳನ್ನೇ ಬಿಚ್ಚಿ ಹೊಸದಕ್ಕೆ ಹಾಕಿದೆವು. ಓಡಿಸಿದವರೆಲ್ಲ ‘ಹೊಸದು ಮೆತ್ತಗೈತಿ’ ಎಂದರು. ಆ ಮೆತ್ತಗೆ ಎಚ್-ಆರ್ಮಿನ ಗುಣವಲ್ಲ, ಶಾಕ್ ಕೂತ ಜಾಗದ್ದು. ಹಳೆಯದರಲ್ಲಿ ಶಾಕ್ ಗಾಲಿಯ ಸಮೀಪವಿತ್ತು, ಗಾಲಿ 10 ಮಿಮೀ ಎದ್ದರೆ ಶಾಕ್ ಸುಮಾರು 8 ಮಿಮೀ ಕುಗ್ಗುತ್ತಿತ್ತು, ಹೊಸದರಲ್ಲಿ 6. ಗಾಲಿಗೆ ಸಿಗುವ ಗಡಸುತನ ಈ ಅನುಪಾತದ ವರ್ಗದಷ್ಟು: 0.8ಕ್ಕೆ 64 ಪಾಲು, 0.6ಕ್ಕೆ 36 ಪಾಲು. ಅದೇ ಶಾಕ್, ಹೆಚ್ಚುಕಡಿಮೆ ಅರ್ಧ ಗಡಸು. ಚಾಲಕ ಕೂತಾಗ ಎರಡೂ ಗಾಡಿಯ ಹಿಂಭಾಗ ಅಷ್ಟಷ್ಟೇ ತಗ್ಗುವಂತೆ ಗಾಳಿಯ ಒತ್ತಡ ಸರಿಮಾಡಿಕೊಂಡ ಮೇಲೆಯೇ ಹೋಲಿಕೆಗೆ ಅರ್ಥ ಬಂದದ್ದು. ಶಾಕ್‌ನ ಕಂಬಿಯ ಮೇಲಿನ ರಬ್ಬರ್ ಉಂಗುರ ಎಲ್ಲಿಗೆ ಸರಿದು ನಿಂತಿದೆ ಎಂದು ಪ್ರತಿ ಸುತ್ತಿನ ಕೊನೆಗೆ ನೋಡುತ್ತಿದ್ದೆ. ಚಾಲಕನ ಬೆನ್ನು ಹೇಳುವ ಸಾಕ್ಷಿಗಿಂತ ಆ ಉಂಗುರದ ಮೇಲೆ ನನಗೆ ನಂಬಿಕೆ ಜಾಸ್ತಿ.

ಹಾಗೆ ಸರಿದೂಗಿಸಿದಾಗ ಚೂಪು ಅಂಚಿನ ಹೆಂಟೆಗಳ ಮೇಲೆ ಹಳೆಯ ಗಾಡಿಯೇ ವಾಸಿ ಅನ್ನಿಸಿತು. ಟ್ರೇಲಿಂಗ್ ತೋಳು ಕೀಲಿಗಿಂತ ಕೆಳಗೆ ಇಳಿಬಿದ್ದಿರುವುದರಿಂದ ಪೆಟ್ಟು ಬಿದ್ದ ಗಾಲಿ ಮೇಲೇಳುತ್ತಲೇ ಕೊಂಚ ಹಿಂದಕ್ಕೂ ಸರಿಯುತ್ತದೆ. ಎಚ್-ಆರ್ಮಿಗೆ ಆ ವಿನಯವಿಲ್ಲ. ಆದರೆ ಒಂದೇ ಗಾಲಿ ಉಬ್ಬು ಹತ್ತಿದಾಗ ಹಳೆಯ ಗಾಡಿಯ ಬಾಲ ಪಕ್ಕಕ್ಕೆ ಜಗ್ಗುತ್ತಿತ್ತು. ಚಾಸಿ ಸೊಟ್ಟಗಾಗಿದೆಯೆಂದು ಎಲ್ಲರೂ ತಲೆಕೆಡಿಸಿಕೊಂಡಿದ್ದಾಗ ವೆಲ್ಡಿಂಗ್ ಮೇಸ್ತ್ರಿ ಅಂದದ್ದು: “ಗಾಡಿ ಸೊಟ್ಟ ಆಗಿಲ್ಲೋ ತಮ್ಮಾ, ಏರೂ ಹೊತ್ತಿಗೆ ಗಾಲಿನ ತಿರುಗಾಕತ್ತೈತಿ.” ಶಾಕ್ ಬಿಚ್ಚಿ, ಪಕ್ಕದಲ್ಲಿ ನೂಲು ಕಟ್ಟಿ, ಜಾಕಿನಿಂದ ಗಾಲಿಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ಅಳೆದೆವು. 23 ಇಂಚಿನ ಟೈರಿನಲ್ಲಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿ ತಿರುಗಿರುವ ಕೋನ, ಒಂದು ಡಿಗ್ರಿ ಬದಲಾದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 10 ಮಿಮೀ ವ್ಯತ್ಯಾಸ. ನೂಲಿನ ಮುಂದೆ ಅದು ಬರಿಗಣ್ಣಿಗೇ ಕಾಣುತ್ತದೆ. ಮೇಸ್ತ್ರಿಯ ಮಾತು ದಿಟ. ಎಚ್-ಆರ್ಮಿನಲ್ಲಿ ಆ ವ್ಯತ್ಯಾಸ ಕಾಣಲೇ ಇಲ್ಲ ಎನ್ನಬಹುದು.

ಇನ್ನು ಡ್ರೈವ್ ಶಾಫ್ಟು. ನೇರ ಟ್ರೇಲಿಂಗ್ ಆರ್ಮಿನಲ್ಲಿ ಗಾಲಿ ಒಳಗೆ ಹೊರಗೆ ಸರಿಯದೆ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. 400 ಮಿಮೀ ಶಾಫ್ಟ್ ಅಡ್ಡಕ್ಕೆ ಮಟ್ಟವಾಗಿದ್ದು, ಗಾಲಿ 150 ಮಿಮೀ ಇಳಿದರೆ ಅದಕ್ಕೆ 27 ಮಿಮೀ ಹೆಚ್ಚು ಉದ್ದ ಬೇಕು. ಅಷ್ಟನ್ನು ಒಳಗಿನ ಟ್ರೈಪಾಡ್ ಜಾಯಿಂಟ್ ಜಾರಿಕೊಂಡು ಒದಗಿಸಬೇಕು. ಸೆಮಿ ಟ್ರೇಲಿಂಗ್ ಆರ್ಮಿನಲ್ಲೂ ಈ ಕಾಟ ಪೂರ್ತಿ ತಪ್ಪದು. ಎಚ್-ಆರ್ಮಿನ ಉದ್ದವನ್ನೂ ಕೀಲುಗಳನ್ನೂ ಶಾಫ್ಟಿಗೆ ಹೊಂದಿಸಿದರೆ ಎರಡೂ ಒಂದೇ ಕಮಾನಿನಲ್ಲಿ ತೂಗುತ್ತವೆ, ಜಾಯಿಂಟಿಗೆ ಕೆಲಸವೇ ಕಡಿಮೆ. ಸಸ್ಪೆನ್ಷನ್ ಎಷ್ಟು ಇಂಚು ಏರಿಳಿಯುತ್ತದೆ ಎಂದು ಬೀಗುವವರು ಶಾಫ್ಟ್ ಎಷ್ಟು ಒಪ್ಪುತ್ತದೆ ಎಂಬುದನ್ನು ಮೊದಲು ಕೇಳಬೇಕು.

ತಿರುವಿನ ಲೆಕ್ಕವೇ ಬೇರೆ. ಎತ್ತಿನ ಬಂಡಿಯ ಗಾಲಿಗಳು ಅಚ್ಚಿನ ಮೇಲೆ ಬೇರೆ ಬೇರೆ ತಿರುಗುತ್ತವೆ; ನಮ್ಮ ಗಾಡಿಯಲ್ಲಿ ಡಿಫರೆನ್ಷಿಯಲ್ ಇಲ್ಲ, ಎರಡೂ ಒಟ್ಟಿಗೇ ತಿರುಗಬೇಕು. ಇಡುವುದಕ್ಕೂ ಧೈರ್ಯ ಸಾಲದು, ಇದ್ದರೆ ಇರುವ 10 ಅಶ್ವಶಕ್ತಿಯೂ ಗಾಳಿಯಲ್ಲಿರುವ ಗಾಲಿಯ ಪಾಲು. ಹೀಗಾಗಿ ಬಿಗಿ ತಿರುವಿನಲ್ಲಿ ಒಳಗಿನ ಹಿಂಗಾಲಿಯ ಭಾರ ಇಳಿಯಬೇಕು, ಎದ್ದರೂ ಸರಿ. ನಾಲ್ಕೂ ಗಾಲಿ ನೆಲ ಕಚ್ಚಿರಬೇಕೆನ್ನುವ ಪಠ್ಯಪುಸ್ತಕದ ಸಸ್ಪೆನ್ಷನ್ ಇಲ್ಲಿ ಗಾಡಿಯನ್ನು ನೇರಕ್ಕೇ ನೂಕುತ್ತದೆ. ಹಿಂದೆ ಎಡ ಬಲದ ತೋಳುಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಹಾಕಿದ ಮೇಲೆ ಎರಡು ಗಾಡಿಯೂ ಮಾತು ಕೇಳತೊಡಗಿದವು. ಎಡ ಬಲದ ಸ್ವಾತಂತ್ರ್ಯವನ್ನು ಕೊಟ್ಟು ಸ್ವಲ್ಪ ಕಸಿದುಕೊಂಡಾಗಲೇ ಲಾಭ!

ಮಳೆ ಬಿದ್ದ ಎರೆಮಣ್ಣಿನಲ್ಲಿ ಎಚ್-ಆರ್ಮ್ ಸೋತಿತು. ಅದರ ಅಗಲದ ಮೈ ಮೇಲೆ ಕೆಸರು ಗುಡ್ಡೆಯಾಗಿ ಕೂರುತ್ತದೆ. ಕಟ್ಟುವುದೂ ಸುಲಭವಲ್ಲ: ಚಾಸಿಯ ಕಡೆಯ ಎರಡು ಬುಷ್ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ತೋಳು ಬಿಗಿದುಕೊಳ್ಳುತ್ತದೆ, ಒಳ್ಳೆಯ ಜಿಗ್ ಇಲ್ಲದೆ ಅದನ್ನು ಬೆಸೆಯಲು ಹೋಗಬೇಡಿ.

ಅಂಗಡಿಯ ಎಟಿವಿಗಳಲ್ಲೂ ಈ ಪಂಚಾಯ್ತಿ ತೀರಿಲ್ಲ. ಪೊಲಾರಿಸ್ ಸ್ಪೋರ್ಟ್ಸ್‌ಮನ್‌ಗೆ ಎ-ಆರ್ಮ್, ಕ್ಯಾನ್-ಆಮ್ ಔಟ್‌ಲ್ಯಾಂಡರ್‌ಗೆ ಬಹಳ ವರ್ಷ ಟ್ರೇಲಿಂಗ್ ಆರ್ಮ್, ಹೋಂಡಾ ಫೋರ್‌ಮನ್‌ಗೆ ಗಟ್ಟಿ ಆಕ್ಸಲ್. ಆದರೂ ಬಾಹಾದ ನಾಲ್ಕು ತಾಸಿನ ಎಂಡ್ಯೂರೆನ್ಸ್ ಓಟಕ್ಕೆ ಇಳಿಯುವ ವಿದ್ಯಾರ್ಥಿ ತಂಡಕ್ಕೆ ನನ್ನ ಮತ ಎಚ್-ಆರ್ಮಿಗೆ: ಬಗ್ಗಿದ ಕ್ಯಾಂಬರ್ ಲಿಂಕನ್ನು ಎರಡು ಬೋಲ್ಟ್ ಬಿಚ್ಚಿ ಬದಲಿಸಬಹುದು, ಬಗ್ಗಿದ ಟ್ರೇಲಿಂಗ್ ಆರ್ಮಿಗೆ ಹಬ್ಬನ್ನೂ ಶಾಫ್ಟನ್ನೂ ಕಳಚಬೇಕು.