ಕೇಪಳದ ಎಲೆ ಹಳದಿಯಾಯಿತೇ? ಮೊದಲು ನೀರು ನೋಡಿ

ಕೇಪಳ ನಮ್ಮ ಕರಾವಳಿಯ ಗುಡ್ಡದ ಗಿಡ. ಮುರಕಲ್ಲಿನ ಕೆಂಪು ಮಣ್ಣು, ಜಡಿಮಳೆ, ಬುಡದಲ್ಲಿ ಕೊಳೆಯುವ ತರಗೆಲೆ ಇದ್ದರೆ ಸಾಕು, ಯಾರೂ ನೋಡಿಕೊಳ್ಳದಿದ್ದರೂ ವರ್ಷವಿಡೀ ಹಸಿರಾಗಿದ್ದು ಗೊಂಚಲುಗಟ್ಟಲೆ ಹೂ ಬಿಡುತ್ತದೆ. ಅದನ್ನೇ ನರ್ಸರಿಯಿಂದ ‘ಇಕ್ಸೋರಾ’ ಎಂದು ತಂದು ಬಯಲುಸೀಮೆಯ ತಾರಸಿಯಲ್ಲಿಟ್ಟಾಗ ಎಲೆ ಹಳದಿಯಾಗಲು ಶುರುವಾಗುತ್ತದೆ. ಗೊಬ್ಬರ ಸಾಲದು ಎಂದುಕೊಂಡು ಇನ್ನಷ್ಟು ಸುರಿಯುವವರೇ ಹೆಚ್ಚು.

ಎಲೆಯನ್ನು ಹತ್ತಿರದಿಂದ ನೋಡಿ. ತುದಿಯ ಎಳೆಯ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಬೋರ್‌ವೆಲ್‌ನ ಗಡಸು ನೀರಿನಿಂದ ಸುಣ್ಣದಂಶ ಏರಿದಾಗ ಬೇರಿಗೆ ದಕ್ಕುವುದಿಲ್ಲ. ಕೇಪಳಕ್ಕೆ ಹುಳಿ ಮಣ್ಣೇ ಬೇಕು; ಪಿಎಚ್ 5ರಿಂದ 6ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಆದ್ದರಿಂದ ಬೂದಿ, ಮೊಟ್ಟೆಚಿಪ್ಪಿನ ಪುಡಿ ಇದರ ಹತ್ತಿರ ಸುಳಿಯದಿರಲಿ. ಹೊಸದಾಗಿ ಸಿಮೆಂಟ್ ಬಳಿದ ಗೋಡೆಯ ಬುಡವೂ ಬೇಡ. ಸಾಧ್ಯವಾದಷ್ಟೂ ಮಳೆನೀರು ಹಿಡಿದಿಟ್ಟು ಹಾಕಿ. ತುರ್ತಿಗೆ ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಹೊಸ ಚಿಗುರು ಹಸಿರಾಗಿ ಬಂದರೆ ಕಾರಣ ಸಿಕ್ಕಿತೆಂದೇ ಲೆಕ್ಕ.

ನೆಡುವುದಕ್ಕೆ ಮಳೆಗಾಲದ ಆರಂಭ ಸೂಕ್ತ. ಕುಂಡವಾದರೆ 12 ಇಂಚಿನದು ಇರಲಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದೊಂದು ಪಾಲು ತೆಂಗಿನ ನಾರಿನ ಪುಡಿ, ಹಳೆಯ ಎಲೆಗೊಬ್ಬರ ಬೆರೆಸಿ. ತಳದ ತೂತು ಕಟ್ಟಿಕೊಳ್ಳಬಾರದು. ತೇವ ಬೇಕು, ನಿಂತ ನೀರು ಆಗದು. ಬುಡಕ್ಕೆ ತರಗೆಲೆ ಹೊದಿಸಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲಿ, ನೆರಳಿನಲ್ಲಿ ಎಲೆ ಸೊಂಪಾಗುತ್ತದೆ, ಹೂ ಮಾತ್ರ ಇಲ್ಲ.

ಬೇಲಿಗೆ ನೆಟ್ಟವರು ತಿಂಗಳು ತಿಂಗಳೂ ಕತ್ತರಿ ಆಡಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಹೂ ಬರುವುದೇ ಚಿಗುರಿನ ತುದಿಯಲ್ಲಿ. ಗೊಂಚಲು ಬಾಡಿದ ಮೇಲೆ ಅದರ ಕೆಳಗಿನ ಒಂದೆರಡು ಗೆಣ್ಣು ಸೇರಿಸಿ ಕತ್ತರಿಸಿದರೆ ಸಾಕು, ಪಕ್ಕದಿಂದ ಕವಲೊಡೆಯುತ್ತದೆ. ನಿಧಾನವಾಗಿ ಬೆಳೆಯುವ ಗಿಡ, ಹೆಚ್ಚು ಕತ್ತರಿಸಿದರೆ ಚೇತರಿಸಿಕೊಳ್ಳಲು ಬಹಳ ಕಾಲ ಬೇಕು.

ಕಾಂಡದ ಮೇಲೆ ಇರುವೆ ಸಾಲು ಕಂಡರೆ ಎಲೆಯಡಿ ತಿರುವಿ ನೋಡಿ. ಬಿಳಿ ಹಿಟ್ಟುತಿಗಣೆ ಇದ್ದೀತು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ, ಬಿಸಿಲಿಳಿದ ಮೇಲೆ.

ಹೊಸ ಗಿಡ ಬೇಕಿದ್ದರೆ ಮಳೆಗಾಲದಲ್ಲಿ ಅರೆಬಲಿತ ರೆಂಬೆಯ ಐದಿಂಚು ತುಂಡನ್ನು ಮರಳು ಬೆರೆತ ಮಣ್ಣಿಗೆ ಚುಚ್ಚಿ, ನೆರಳಿನಲ್ಲಿಡಿ. ಬೇರು ಬಿಡಲು ಒಂದೂವರೆ, ಎರಡು ತಿಂಗಳು ಬೇಕು. ಅಷ್ಟರೊಳಗೆ ಕಿತ್ತು ನೋಡಬೇಡಿ.