ಪ್ರೋಬ್ ಮುಟ್ಟಿತು, ಮಷೀನ್‌ಗೆ ಗೊತ್ತಾಗಲಿಲ್ಲ

ಬೆಳಗಾವಿ ಅಂದ್ರೆ ಹೊರಗಿನವರಿಗೆ ಕುಂದಾ. ಉದ್ಯಮಬಾಗ್‌ನಿಂದ ಮಚ್ಛೆ ದಾಟಿ ಖಾನಾಪುರ ರಸ್ತೆಯಲ್ಲಿ ಹೋಗುವವರಿಗೆ ಮಾತ್ರ ಅದು ಫೌಂಡ್ರಿಗಳ ಊರು. ಎರಕ ಹೊಯ್ದ ಪಂಪ್ ಬಾಡಿ, ವಾಲ್ವ್ ಬಾಡಿ, ಹೌಸಿಂಗ್ ಇವೆಲ್ಲ ಇಲ್ಲೇ ಸಿಎನ್‌ಸಿ ಮಿಲ್ಲಿಂಗ್ ಮಷೀನ್ ಮೇಲೆ ಏರುತ್ತವೆ. ಎರಕದ ಒಂದು ಗುಣ ನಮಗೆಲ್ಲ ಗೊತ್ತಿರಬೇಕು: ಒಂದು ಪೀಸ್ ಇದ್ದ ಹಾಗೆ ಇನ್ನೊಂದು ಇರೋದಿಲ್ಲ. ಕೋರ್ ಸ್ವಲ್ಪ ಸರಿದಿರ್ತದೆ, ಒಂದು ಕಡೆ ಲೋಹ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಫಿಕ್ಸ್ಚರ್‌ನಲ್ಲಿ ಕೂರಿಸಿ ಕಣ್ಣು ಮುಚ್ಚಿ ಬೋರ್ ಮಾಡಿದರೆ ಗೋಡೆ ಒಂದು ಕಡೆ ತೆಳ್ಳಗಾಗಿ ಪೀಸ್ ಸ್ಕ್ರ್ಯಾಪ್. ಅದಕ್ಕೇ ಸ್ಪಿಂಡಲ್‌ನಲ್ಲಿ ಟೂಲ್ ಬದಲು ಪ್ರೋಬ್ ಹಾಕಿ, ಮೊದಲು ಪೀಸನ್ನು ಮುಟ್ಟಿ ನೋಡಿ, ಅದರ ನಿಜವಾದ ಸೆಂಟರ್ ಎಲ್ಲಿದೆ ಅಂತ ಹುಡುಕಿ, ಆ ಮೇಲೆ ಕಟಿಂಗ್ ಶುರು ಮಾಡ್ತಾರೆ.

ಪ್ರೋಬ್ ಒಳಗೆ ಇರೋದು ಬಹಳ ಸರಳ. ಸ್ಟೈಲಸ್‌ನ ಮೇಲ್ತುದಿಗೆ ಮೂರು ಸಣ್ಣ ರಾಡ್‌ಗಳು. ಪ್ರತಿಯೊಂದೂ ಎರಡೆರಡು ಗುಂಡುಗಳ ಮೇಲೆ ಕೂತಿರ್ತದೆ. ಮೇಲಿಂದ ಸ್ಪ್ರಿಂಗ್ ಒತ್ತುತ್ತದೆ. ಆರೂ ಸ್ಪರ್ಶಬಿಂದುಗಳ ಮೂಲಕ ಸಾಲಾಗಿ ಕರೆಂಟ್ ಹರಿಯುತ್ತಾ ಇರ್ತದೆ. ಸ್ಟೈಲಸ್ ಪೀಸಿಗೆ ತಾಗಿ ಸ್ವಲ್ಪ ವಾಲಿದ ಕೂಡಲೇ ಒಂದಾದರೂ ಬಿಂದು ಬಿಡುತ್ತದೆ, ಸರ್ಕ್ಯೂಟ್ ಕಡಿಯುತ್ತದೆ. ಅಂದರೆ ಇದು ‘ತಾಗಿದಾಗ ಮುಚ್ಚುವ’ ಸ್ವಿಚ್ ಅಲ್ಲ, ‘ತಾಗಿದಾಗ ತೆರೆಯುವ’ ಸ್ವಿಚ್. ಹೀಗಿರೋದರಿಂದ ವೈರ್ ತುಂಡಾದರೂ ಮಷೀನ್ ಅದನ್ನು ‘ತಾಗಿದೆ’ ಅಂತಲೇ ಓದಿ ನಿಲ್ಲುತ್ತದೆ, ಓಡಿ ಗುದ್ದೋದಿಲ್ಲ. 1970ರ ದಶಕದ ಆರಂಭದಲ್ಲಿ ರೋಲ್ಸ್ ರಾಯ್ಸ್‌ನಲ್ಲಿದ್ದ ಡೇವಿಡ್ ಮ್ಯಾಕ್‌ಮರ್ಟ್ರಿ, ಕಾನ್‌ಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್‌ನ ಪೈಪ್ ಅಳೆಯೋಕೆ ಇದನ್ನು ಮಾಡಿದ್ದು. 1973ರಲ್ಲಿ ಶುರುವಾದ ರೆನಿಶಾ ಕಂಪನಿ ಹುಟ್ಟಿದ್ದೇ ಇದರಿಂದ.

ಇನ್ನು ಮಷೀನ್ ಕಡೆ. ಫ್ಯಾನುಕ್ ಕಂಟ್ರೋಲ್‌ನಲ್ಲಿ ಜಿ31 ಅನ್ನೋದು ಜಿ01 ಥರವೇ ಸರಳ ರೇಖೆಯ ಚಲನೆ, ಆದರೆ ನಡುವೆ ಸ್ಕಿಪ್ ಸಿಗ್ನಲ್ ಬಂದರೆ ಅಲ್ಲೇ ನಿಂತು, ಆ ಕ್ಷಣದ ಸ್ಥಾನವನ್ನು #5061ರಿಂದ ಶುರುವಾಗುವ ವೇರಿಯಬಲ್‌ಗಳಲ್ಲಿ ಬರೆದುಕೊಳ್ಳುತ್ತದೆ. ಸಿಗ್ನಲ್ ಬರಲೇ ಇಲ್ಲ ಅಂದ್ರೆ? ಬ್ಲಾಕ್‌ನ ಕೊನೆವರೆಗೂ ಹೋಗ್ತದೆ. ದೂರು ಹೇಳೋದು ಜಿ31 ಅಲ್ಲ, ಅದರ ಸುತ್ತ ಬರೆದ ಮ್ಯಾಕ್ರೋ. ಮ್ಯಾಕ್ರೋ ಬರೆದವರು ಆ ಚೆಕ್ ಹಾಕಿಲ್ಲದಿದ್ದರೆ ಯಾರೂ ಹೇಳೋದಿಲ್ಲ.

ತೊಂದರೆ ಎರಡೇ ಥರ: ತಾಗಿದರೂ ಸಿಗ್ನಲ್ ಇಲ್ಲ, ಇಲ್ಲವೇ ತಾಗದೇ ಸಿಗ್ನಲ್ ಬಂತು. ಮೊದಲನೆಯದು ಸುಲಭ. ಅಕ್ಷ ಓಡಿಸೋ ಮೊದಲು ಪ್ರೋಬ್ ಆನ್ ಮಾಡಿ, ಸ್ಪಿಂಡಲ್ ತಿರುಗೋ ಸಾಧ್ಯತೆ ಇಲ್ಲ ಅಂತ ಖಚಿತ ಮಾಡ್ಕೊಂಡು, ಪಿಎಂಸಿ ಸಿಗ್ನಲ್ ಪುಟ ತೆರೆದು, ಸ್ಟೈಲಸ್ ಅನ್ನು ಬೆರಳಿಂದ ಮೆಲ್ಲಗೆ ಒತ್ತಿ. ಫ್ಯಾನುಕ್‌ನಲ್ಲಿ ಸ್ಕಿಪ್ ಸಾಮಾನ್ಯವಾಗಿ ಎಕ್ಸ್ 4.7, ನಿಮ್ಮ ಮಷೀನ್‌ನ ವೈರಿಂಗ್ ಡ್ರಾಯಿಂಗ್‌ನಲ್ಲಿ ಖಾತ್ರಿ ಮಾಡ್ಕೊಳ್ಳಿ. ಬಿಟ್ ಬದಲಾಗದಿದ್ದರೆ ಪ್ರೋಗ್ರಾಂ ಮುಟ್ಟೋ ಅಗತ್ಯವೇ ಇಲ್ಲ. ಬ್ಯಾಟರಿ, ರಿಸೀವರ್ ಗಾಜಿನ ಮೇಲಿನ ಕೂಲೆಂಟ್ ಪದರ, ಕೇಬಲ್ ಈ ಸಾಲಿನಲ್ಲಿ ನೋಡ್ತಾ ಬನ್ನಿ.

ಎರಡನೆಯದೇ ತಲೆ ತಿನ್ನೋದು. ಖಾನಾಪುರ ರಸ್ತೆಯ ಒಂದು ವರ್ಕ್‌ಶಾಪ್‌ನಲ್ಲಿ ನಾನು ನೋಡಿದ್ದು ಇದೇ. ಇಪ್ಪತ್ತು ಪೀಸ್ ಸರಿ ಬರ್ತಿದ್ದವು, ಇಪ್ಪತ್ತೊಂದನೆಯದರಲ್ಲಿ ಬೋರ್ ಎರಡು ಮಿಲಿಮೀಟರ್ ಪಕ್ಕಕ್ಕೆ. ಬೈಗುಳ ಬಿದ್ದಿದ್ದು ಆಪರೇಟರ್‌ಗೆ, ಪೀಸ್ ಸರಿಯಾಗಿ ಕ್ಲ್ಯಾಂಪ್ ಮಾಡಿಲ್ಲ ಅಂತ. ಸಂಬಳದಲ್ಲಿ ಕಡಿತ ಮಾಡೋ ಮಾತೂ ಬಂತು. ಅವರ ವಾದ ಒಂದೇ: “ಪ್ರೋಬ್ ಗಾಳ್ಯಾಗ ನಿಂತಿತ್ರೀ, ನಾ ಕಣ್ಣಾರೆ ನೋಡೀನಿ.” ಯಾರೂ ನಂಬಲಿಲ್ಲ, ಯಾಕಂದ್ರೆ ಮಷೀನ್ ಅಲಾರಂ ಕೊಟ್ಟಿರಲಿಲ್ಲ.

ಅಲ್ಲಿಯ ಎಲೆಕ್ಟ್ರಿಷಿಯನ್ ನೋಡಿದ್ದು ಪ್ರೋಬ್ ಅನ್ನಲ್ಲ, ಪ್ಯಾನಲ್ ಅನ್ನು. ಪ್ರೋಬಿಂಗ್‌ಗೆ ಸರಿಯಾಗಿ ಮುಂಚೆ ಎಂ09 ಬಂದು ಕೂಲೆಂಟ್ ಪಂಪ್ ನಿಲ್ಲುತ್ತದೆ. ಪಿಎಲ್‌ಸಿಯ 24 ವೋಲ್ಟ್ ಔಟ್‌ಪುಟ್ ಒಂದು ಸಣ್ಣ ಆಕ್ಸಿಲರಿ ರಿಲೇಯನ್ನು ಎಳೆಯುತ್ತದೆ, ಆ ರಿಲೇ ದೊಡ್ಡ ಕಾಂಟ್ಯಾಕ್ಟರ್ ಕಾಯಿಲ್ ಅನ್ನು, ಕಾಂಟ್ಯಾಕ್ಟರ್ ಮೋಟರ್ ಅನ್ನು. ಕಾಯಿಲ್ ಅಂದರೆ ಇಂಡಕ್ಟರ್. ಕರೆಂಟ್ ಥಟ್ಟನೆ ಕಡಿದರೆ ನೂರಾರು ವೋಲ್ಟ್‌ನ ಹಿಮ್ಮುಖ ಸ್ಪೈಕ್. ಮೊದಲ ಸೆಮಿಸ್ಟರ್‌ನಲ್ಲಿ ಎಲ್ ಡಿಐ ಬೈ ಡಿಟಿ ಅಂತ ಬರೆದು ಮಾರ್ಕ್ಸ್ ತಗೊಂಡು ಮರೆತಿದ್ದೀವಲ್ಲ, ಅದೇ ಇದು. ಹಿಂದೆ ಯಾವಾಗಲೋ ಕಾಂಟ್ಯಾಕ್ಟರ್ ಬದಲಿಸಿದಾಗ ಅದರ ಮೇಲಿದ್ದ ಆರ್‌ಸಿ ಸ್ನಬ್ಬರ್ ಹಳೆಯದರ ಜೊತೆ ಕಸಕ್ಕೆ ಹೋಗಿತ್ತು. ಪ್ರೋಬ್ ಸಿಗ್ನಲ್ ವೈರ್ ಅದೇ ಡಕ್ಟ್‌ನಲ್ಲಿ, ಪವರ್ ವೈರ್‌ಗೆ ಅಂಟಿಕೊಂಡೇ ಓಡ್ತಿತ್ತು. ಸ್ಪೈಕ್ ಅದಕ್ಕೆ ಹಾರಿತು, ಮಷೀನ್ ‘ತಾಗಿತು’ ಅಂದುಕೊಂಡಿತು.

ಇದನ್ನು ಪತ್ತೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಎಂ09 ಆದಮೇಲೆ ಜಿ04 ಹಾಕಿ ಎರಡು ಸೆಕೆಂಡ್ ಕಾಯಿಸಿದರು. ಸುಳ್ಳು ಟ್ರಿಗರ್ ನಿಂತಿತು. ತೆಗೆದರು, ಮತ್ತೆ ಬಂತು. ಅಷ್ಟೇ. ಆದರೆ ಅದನ್ನೇ ಪರಿಹಾರ ಅಂತ ಬಿಡಲಿಲ್ಲ. ಸ್ನಬ್ಬರ್ ಹಾಕಿ, ಸಿಗ್ನಲ್ ವೈರ್ ಬೇರೆ ದಾರಿಗೆ ತಿರುಗಿಸಿದರು. ಎಸಿ ಕಾಯಿಲ್‌ಗೆ ಸ್ನಬ್ಬರ್ ಅಥವಾ ವ್ಯಾರಿಸ್ಟರ್, ಡಿಸಿ ಕಾಯಿಲ್‌ಗೆ ಡಯೋಡ್. ಡಯೋಡ್‌ನ ಪಟ್ಟಿ ಇರುವ ತುದಿ ಪ್ಲಸ್ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಔಟ್‌ಪುಟ್ ನೇರ ಶಾರ್ಟ್.

ಅಲಾರಂ ಯಾಕೆ ಬರಲಿಲ್ಲ ಅನ್ನೋದಕ್ಕೂ ಉತ್ತರ ಇದೆ. ಅವರ ಮ್ಯಾಕ್ರೋ ಒಂದೇ ಸಲ ಮುಟ್ಟುವಂಥದ್ದು. ಎರಡು ಸಲ ಮುಟ್ಟುವ ಸೈಕಲ್ ಆಗಿದ್ದರೆ, ಮೊದಲ ಸುಳ್ಳು ಸ್ಪರ್ಶದ ನಂತರ ಹಿಂದೆ ಸರಿದು ನಿಧಾನವಾಗಿ ಸ್ವಲ್ಪವೇ ದೂರ ಹೋಗಿ, ಏನೂ ಸಿಗದೆ ಅಲಾರಂ ಕೊಡ್ತಿತ್ತು. ಝಡ್ ಅಕ್ಷದಲ್ಲಿ ಮೇಲಿಂದ ಇಳಿಯುವಾಗ ಸುಳ್ಳು ಟ್ರಿಗರ್ ಬಂದರೆ ಕಟರ್ ಗಾಳಿ ಕತ್ತರಿಸ್ತದೆ, ನಷ್ಟ ಇಲ್ಲ. ಎಕ್ಸ್ ಅಥವಾ ವೈನಲ್ಲಿ ಬಂದರೆ ಸೆಂಟರ್ ಸರಿದು ಪೀಸ್ ಹೋಗ್ತದೆ.

ರಿಲೇ ಬಗ್ಗೆ ಅವರು ಹೇಳಿದ ಒಂದು ಮಾತು: “ತಮ್ಮಾ, ಲೈಟ್ ಹತ್ತೇತಿ ಅಂದ್ರ ಪಾಯಿಂಟ್ ಕೂಡ್ಯಾವ ಅಂತಲ್ಲ.” ರಿಲೇ ಮೇಲಿನ ಎಲ್‌ಇಡಿ ತೋರಿಸೋದು ಕಾಯಿಲ್‌ಗೆ, ಅಂದರೆ ಎ1–ಎ2ಗೆ ವೋಲ್ಟೇಜ್ ಬಂದಿದೆ ಅಂತ ಮಾತ್ರ. 11 ಮತ್ತು 14ರ ನಡುವಿನ ಪಾಯಿಂಟ್ ಕಾರ್ಬನ್ ಹಿಡಿದಿರಬಹುದು. ಮೀಟರ್‌ನ ಬೀಪ್ ಕೂಡ ಮೋಸ ಮಾಡ್ತದೆ, ಯಾಕಂದ್ರೆ ಅದು ಹರಿಸೋ ಕರೆಂಟ್ ತೀರಾ ಕಡಿಮೆ. ಲೋಡ್ ಓಡ್ತಿರುವಾಗ ಮುಚ್ಚಿದ ಪಾಯಿಂಟ್‌ನ ಎರಡೂ ಬದಿ ವೋಲ್ಟೇಜ್ ಅಳೆಯಬೇಕು. ಬಹುತೇಕ ಸೊನ್ನೆ ಇರಬೇಕು. ಹಲವು ವೋಲ್ಟ್ ತೋರಿಸಿದರೆ ರಿಲೇ ಸತ್ತಿದೆ. ಇದು ಲೈವ್ ಪ್ಯಾನಲ್ ಕೆಲಸ, ಗೊತ್ತಿರುವವರು ಪಕ್ಕದಲ್ಲಿರಲಿ. ಇನ್ನೊಂದು ದಾರಿ: ಪವರ್ ತೆಗೆದು, ಪಕ್ಕದ ಅದೇ ಮಾಡೆಲ್ ರಿಲೇ ಜೊತೆ ಅದಲುಬದಲು ಮಾಡಿ. ತೊಂದರೆ ರಿಲೇ ಜೊತೆ ಹೋಯಿತೋ, ಅದೇ ಜಾಗದಲ್ಲಿ ಉಳಿಯಿತೋ ನೋಡಿ.

ಕೆಲವರು ಪ್ರೋಬ್ ಸಿಗ್ನಲ್‌ನ ವೋಲ್ಟೇಜ್ ಹೊಂದಿಸೋಕೆ ಸಾದಾ ರಿಲೇ ಸೇರಿಸ್ತಾರೆ. ಲೆಕ್ಕ ಹಾಕಿ ನೋಡ್ರಿ: ರಿಲೇಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 1000 ಮಿ.ಮೀ. ಫೀಡ್‌ನಲ್ಲಿ ಅಷ್ಟರೊಳಗೆ ಅಕ್ಷ 0.17 ಮಿ.ಮೀ. ಮುಂದೆ ಹೋಗಿರ್ತದೆ, 50ರ ಫೀಡ್‌ನಲ್ಲಿ 0.008. ತಡ ಯಾವಾಗಲೂ ಒಂದೇ ಇದ್ದರೆ ಕ್ಯಾಲಿಬ್ರೇಷನ್ ಅದನ್ನು ನುಂಗುತ್ತದೆ, ಆದರೆ ರಿಲೇಯ ತಡ ಸಲಕ್ಕೊಂದು ಥರ. ಅಲ್ಲಿ ಆಪ್ಟೋಕಪ್ಲರ್ ಹಾಕಿ. ಕ್ಯಾಲಿಬ್ರೇಟ್ ಮಾಡಿದ ಫೀಡ್‌ನಲ್ಲೇ ಅಳೆಯಿರಿ.

ಜಂಪರ್ ವಿಷಯ. ಶಿಫ್ಟ್ ಮುಗಿಸೋ ಅವಸರದಲ್ಲಿ ಕೆಟ್ಟ ರಿಲೇಯ ಎರಡು ಟರ್ಮಿನಲ್‌ಗೆ ವೈರ್ ತುಂಡು ಹಾಕೋದು ಎಲ್ಲ ಕಡೆ ಇದೆ. ಕೂಲೆಂಟ್ ಪಂಪ್‌ಗೆ ಹಾಕಿದರೆ ಪಂಪ್ ನಿಲ್ಲೋದಿಲ್ಲ, ಅಷ್ಟೇ. ಬಾಗಿಲಿನ ಇಂಟರ್‌ಲಾಕ್‌ಗೆ ಅದೇ ತುಂಡು ಹಾಕಿದರೆ, ಸ್ಟೈಲಸ್ ಒರೆಸೋಕೆ ಕೈ ಒಳಗೆ ಹಾಕಿದವನಿಗೂ ಸ್ಪಿಂಡಲ್‌ಗೂ ನಡುವೆ ಏನೂ ಉಳಿದಿರೋದಿಲ್ಲ. ಪ್ಯಾನಲ್‌ನಲ್ಲಿ ಎರಡೂ ರಿಲೇ ನೋಡೋಕೆ ಒಂದೇ ಥರ ಇರ್ತವೆ. ಡ್ರಾಯಿಂಗ್ ಇಲ್ಲದೆ ಜಂಪರ್ ಹಾಕೋರನ್ನು ನಾನಂತೂ ಧೈರ್ಯವಂತರು ಅನ್ನಲ್ಲ.

ನಮ್ಮಲ್ಲಿ ಬಹಳ ಜನ ಪ್ರಾಜೆಕ್ಟ್‌ಗೆ ಆರ್ಡುಯಿನೋ ಮತ್ತು ಗರ್ಬಲ್ ಹಾಕಿದ ಸಣ್ಣ ರೌಟರ್ ಮಾಡ್ತಾರೆ. ಅಲ್ಲೂ ಇದೇ ಕಥೆ. ಪ್ರೋಬ್ ಎ5 ಪಿನ್, ಕೂಲೆಂಟ್ ರಿಲೇ ಎ3, ಹತ್ತಿರ ಹತ್ತಿರದಲ್ಲೇ. ಜಿ38.2 ಕೊಟ್ಟ ಕೂಡಲೇ ಅಲಾರಂ 4 ಬಂದರೆ, ಶುರುವಿಗೇ ಪ್ರೋಬ್ ತಾಗಿರುವ ಸ್ಥಿತಿಯಲ್ಲಿದೆ ಅಂತ. $6 ಉಲ್ಟಾ ಇದೆಯಾ ನೋಡಿ. ಅಲಾರಂ 5 ಬಂದರೆ, ಕೊಟ್ಟ ದೂರ ಪೂರ್ತಿ ಹೋದರೂ ತಾಗಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಬರುವ ಸ್ಟೇಟಸ್ ಸಾಲಿನಲ್ಲಿ ಪಿಎನ್ ಮುಂದೆ ಪಿ ಅಕ್ಷರ ಕಂಡರೆ ಪ್ರೋಬ್ ಟ್ರಿಗರ್ ಆಗಿದೆ. ಪ್ಲೇಟ್‌ಗೆ ಕ್ಲಿಪ್ ಮುಟ್ಟಿಸಿ ಅದು ಬರುತ್ತಾ ಹೋಗುತ್ತಾ ನೋಡಿ, ಆಮೇಲೆ ರಿಲೇ ಆನ್-ಆಫ್ ಮಾಡ್ತಾ ಮತ್ತೆ ನೋಡಿ.

ಆ ವರ್ಕ್‌ಶಾಪ್‌ನಲ್ಲಿ ಈಗ ಮ್ಯಾಕ್ರೋ ಎರಡು ಸಲ ಮುಟ್ಟುತ್ತದೆ, ಪ್ರತಿ ಪೀಸಿಗೆ ಕೆಲವು ಸೆಕೆಂಡ್ ಹೆಚ್ಚು. ಆಪರೇಟರ್ ಸಂಬಳ ಕಡಿತ ಆಗಲಿಲ್ಲ.